ಅವಸರ ಮಾಡದ ಗುರು: ಹಾನಗಲ್ಲ ಕುಮಾರಸ್ವಾಮಿಗಳು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಕುರಿತು ಬರೆಯಬೇಕೆಂದು ಗುರುಗಳು ಸೂಚಿಸಿದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕಂಪ್ಯೂಟರ್ ಲೋಕದ ಯಾರನ್ನಾದರೂ ಆರಿಸಿಕೊಳ್ಳುತ್ತಾನೆ ಎಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡದ್ದು ನಮ್ಮ ಬಾದಾಮಿ ಸೀಮೆಯಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳನ್ನು. ನಮ್ಮ ಭಾಗದ ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ ಅವರ ಫೋಟೊ ಇದೆ. ವಿಭೂತಿ ಶಿವಯೋಗ ಮಂದಿರದ್ದೇ ಆಗಬೇಕು ಎನ್ನುವ ಅಜ್ಜಿಯರಿದ್ದಾರೆ. ಆದರೆ ಅವರು ಬದುಕಿನಲ್ಲಿ ಏನನ್ನು ಹಿಡಿದರು, ಏನನ್ನು ಬಿಟ್ಟರು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತೇವೆ. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಕುಮಾರಸ್ವಾಮಿಗಳು ಹುಟ್ಟಿದ್ದು 1867ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ. ಅಂದು ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ತಂದೆ ಬಸವಯ್ಯ, ತಾಯಿ ನೀಲಮ್ಮ. ಮಗನಿಗೆ ಇಟ್ಟ ಹೆಸರು ಹಾಲಯ್ಯ. ಬಡ ಜಂಗಮರ ಮನೆ. ಊರಿಂದ ಹೊರಗೆ ಕಜ್ಜರಿಗೆ ಹೋಗಿ, ಕಂತೀಭಿಕ್ಷೆ ಮಾಡಿ ಹೊಟ್ಟೆ ಹೊರೆದುಕೊಂಡು ಹುಡುಗ ಅಕ್ಷರ ಕಲಿತ. ನಾಲ್ಕು ಮನೆಯ ಅನ್ನ ಉಂಡು ಓದಿದವರಿಗೆ ಆ ಓದು ತಮ್ಮೊಬ್ಬರ ಸ್ವತ್ತು ಎಂದು ಅನ್ನಿಸುವುದಿಲ್ಲವೇನೋ. ಹಾಲಯ್ಯನ ಮುಂದಿನ ಬದುಕನ್ನು ನೋಡಿದರೆ ಹಾಗೆಯೇ ತೋರುತ್ತದೆ.

ಓದು ಮುಗಿದ ಮೇಲೆ ಹಾಲಯ್ಯನವರು ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಕಲಿಸುವ ಮಾಸ್ತರರಾದರು. ಬಡ ಮನೆಯ ಮಗನಿಗೆ ಇದು ಸಣ್ಣ ಮಾತಲ್ಲ. ತಾಯಿಗೆ ಆಸರೆ, ಊರಲ್ಲಿ ಮರ್ಯಾದೆ, ಕೈಯಲ್ಲಿ ನಾಲ್ಕು ಕಾಸು. ಇಷ್ಟು ಸಿಕ್ಕರೆ ಸಾಕು ಎಂದು ಯಾರೂ ಅನ್ನಬಹುದಿತ್ತು, ಅಂದವರನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಅದನ್ನು ಬಿಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನಗೆ ಅನ್ನಿಸುತ್ತದೆ. ನೀತಿ ಪಾಠಗಳಲ್ಲಿ ಆಯ್ಕೆ ಎಂದರೆ ಒಳ್ಳೆಯದು ಮತ್ತು ಕೆಟ್ಟದ್ದರ ನಡುವಿನ ಮಾತು. ಸುಳ್ಳು ಹೇಳಬೇಕೋ ನಿಜ ಹೇಳಬೇಕೋ ಎಂಬಂಥದ್ದು. ದೊಡ್ಡವರಾದ ಮೇಲೆ ಎದುರಾಗುವ ಆಯ್ಕೆಗಳು ಬಹುಮಟ್ಟಿಗೆ ಹಾಗಿರುವುದಿಲ್ಲ. ಎರಡೂ ಒಳ್ಳೆಯವೇ ಇರುತ್ತವೆ. ತಾಯಿಯನ್ನು ನೋಡಿಕೊಳ್ಳುವುದೂ ಧರ್ಮ, ಮಕ್ಕಳಿಗೆ ಕಲಿಸುವುದೂ ಧರ್ಮ, ಒಳಗಿನ ಕರೆಗೆ ಓಗೊಡುವುದೂ ಧರ್ಮ. ಹಾಲಯ್ಯನವರು ತಾಯಿಯನ್ನು ಬಿಟ್ಟು ಹೊರಟದ್ದು ಸುಲಭವಾದ ಪುಣ್ಯ ಎಂದು ನಾನು ಬರೆಯಲಾರೆ. ನೀಲಮ್ಮನವರ ಕಡೆಯಿಂದ ನೋಡಿದರೆ ಅದು ದೊಡ್ಡ ನಷ್ಟ. ಆ ನಷ್ಟಕ್ಕೆ ತಕ್ಕ ಬಾಳು ಬಾಳುವುದು ಅವರ ಮುಂದಿನ ಹೊಣೆಯಾಯಿತು.

ಮನೆ ಬಿಟ್ಟ ಕೂಡಲೇ ಅವರು ಸ್ವಾಮಿಗಳಾಗಲಿಲ್ಲ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತ ಕೇಳಿದರು. ತಮ್ಮ ಮನಸ್ಸು ಇಷ್ಟಲಿಂಗ ಪೂಜೆಯ ದಾರಿಯಲ್ಲಿದೆ ಎಂದು ಕಂಡುಕೊಂಡು ಎಳಂದೂರು ಬಸವಲಿಂಗ ಸ್ವಾಮಿಗಳನ್ನು ಗುರುವಾಗಿ ಪಡೆದರು. ಹೆಸರಾಂತ ಸನ್ನಿಧಿಯಿಂದ ಎದ್ದು, ತನಗೆ ತಕ್ಕ ಗುರುವನ್ನು ಹುಡುಕಿಕೊಂಡು ಹೋಗಲು ತಾಳ್ಮೆ ಬೇಕು. ಗುರುವಿನ ಸೇವೆ, ಪೂಜೆ, ಯೋಗ, ಶಾಸ್ತ್ರಗಳಲ್ಲಿ ವರ್ಷಗಳನ್ನು ಕಳೆದ ಮೇಲೆ ಹಾನಗಲ್ಲಿನ ವಿರಕ್ತಮಠದ ಅಧಿಕಾರ ಅವರಿಗೆ ಬಂದಿತು. ಅಲ್ಲಿಂದ ಅವರು ಹಾನಗಲ್ಲ ಕುಮಾರಸ್ವಾಮಿಗಳೆಂದೇ ಹೆಸರಾದರು.

ಮಠದ ಪೀಠ ಏರಿದವರು ಮಠದೊಳಗೇ ಇದ್ದುಬಿಡಬಹುದು. ಇವರು ಹೊರಗೆ ನೋಡಿದರು. ಹಳ್ಳಿಗಳಲ್ಲಿ ಓದು ಬರಹವಿಲ್ಲ. ಮಠಗಳಿದ್ದರೂ ತಿಳಿಹೇಳುವ ಗುರುಗಳು ಕಡಿಮೆ. 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಮೊದಲ ಬಾರಿಗೆ ಸೇರಿತು. ಅದರ ಹಿಂದಿನ ಶಕ್ತಿ ಕುಮಾರಸ್ವಾಮಿಗಳು. ಅಧ್ಯಕ್ಷರಾಗಿ ಕುಳಿತವರು ಶಿರಸಂಗಿ ಲಿಂಗರಾಜರು, ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಮೀಸಲಿಟ್ಟ ಪುಣ್ಯಾತ್ಮರು. ಸಭೆ ಕೂಡಿಸಿದವರು ಸ್ವಾಮಿಗಳು, ಮುಂದಿನ ಕುರ್ಚಿ ಮತ್ತೊಬ್ಬರಿಗೆ. ಅವರ ಬದುಕಿನಲ್ಲಿ ಈ ರೀತಿ ಮತ್ತೆ ಮತ್ತೆ ಕಾಣುತ್ತದೆ.

ಸಭೆ, ಭಾಷಣ, ನಿರ್ಣಯಗಳಿಂದ ಕೆಲಸ ಬೇಗ ಆದಂತೆ ಕಾಣುತ್ತದೆ. ಆದರೆ ಊರೂರಿಗೆ ಒಳ್ಳೆಯ ಗುರುಗಳು ಬೇಕಾದರೆ ಅವರನ್ನು ಚಿಕ್ಕಂದಿನಿಂದಲೇ ಬೆಳೆಸಬೇಕು. ಹೀಗೆ 1909ರಲ್ಲಿ ಶಿವಯೋಗ ಮಂದಿರ ಹುಟ್ಟಿತು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಈ ಕೆಲಸದಲ್ಲಿ ಅವರಿಗೆ ನೆರವಾದರು. ಜಾಗ ನೋಡಿದರೆ ಅವರ ಮನಸ್ಸು ತಿಳಿಯುತ್ತದೆ. ಗದಗ–ಹೊಟಗಿ ರೈಲು ಆಗಲೇ ಬಾದಾಮಿಯ ಮೇಲೆ ಹಾದು ಹೋಗುತ್ತಿತ್ತು. ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಪೇಟೆ ಬೆಳೆಯುತ್ತಿತ್ತು. ಅವರು ಹಿಡಿದದ್ದು ಪೇಟೆಯ ಗದ್ದಲವಿಲ್ಲದ ಹೊಳೆಯ ದಂಡೆ. ಹತ್ತಿರದಲ್ಲಿ ಮಹಾಕೂಟ, ಪಟ್ಟದಕಲ್ಲು, ಬನಶಂಕರಿ. ಸುತ್ತ ಗಿಡಮರ, ಹೊಲ.

ಅಲ್ಲಿ ಸೇರಿದ ವಟುಗಳ ದಿನಚರಿ ನಸುಕಿನಲ್ಲೇ ಆರಂಭವಾಗುತ್ತಿತ್ತು. ಸ್ನಾನ, ಲಿಂಗಪೂಜೆ, ಯೋಗ, ಸಂಸ್ಕೃತ, ಕನ್ನಡ, ವಚನ ಸಾಹಿತ್ಯ. ಹಳೆಯ ತಾಡವೋಲೆಗಳನ್ನು ಕೂಡಿಸಿಡುವ ಕೆಲಸ ನಡೆಯಿತು. ಗೋಶಾಲೆ ಬೆಳೆಯಿತು. ಇದಕ್ಕೆಲ್ಲ ಬೇಕಾದ ಕಾಳುಕಡಿ, ಹಣಕ್ಕಾಗಿ ಸ್ವಾಮಿಗಳು ಊರೂರು ತಿರುಗಿದರು. ನಿಧಾನ ಎಂದರೆ ಸೋಮಾರಿತನ ಎಂದು ತಿಳಿದವರು ಇದನ್ನು ಗಮನಿಸಬೇಕು. ಅವರು ತಾವು ಮೈಮುರಿದು ದುಡಿದರು, ಬೆಳೆಯುವ ಮಕ್ಕಳ ಮೇಲೆ ಮಾತ್ರ ಅವಸರ ಹೇರಲಿಲ್ಲ.

ನಾವು ಪ್ರೌಢಶಾಲೆಯಲ್ಲಿದ್ದಾಗ ಒಂದು ದಿನದ ಪ್ರವಾಸದಲ್ಲಿ ಬನಶಂಕರಿ, ಮಹಾಕೂಟ ಮುಗಿಸಿ ಶಿವಯೋಗ ಮಂದಿರಕ್ಕೆ ಹೋಗಿದ್ದೆವು. ನನ್ನ ನೆನಪಿನಲ್ಲಿ ಉಳಿದದ್ದು ವಿಭೂತಿ. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿ, ತಿಳಿಯಾಗಲು ಬಿಟ್ಟು, ಕೆಳಗೆ ಕೂತ ನುಣುಪನ್ನು ಗಟ್ಟಿ ಮಾಡಿ ಒಣಗಿಸುತ್ತಾರೆ ಎಂದು ಗುರುಗಳು ವಿವರಿಸಿದರು. ಇದರಲ್ಲಿ ಮನುಷ್ಯ ಮಾಡುವ ಕೆಲಸದಷ್ಟೇ ಕಾಯುವ ಕೆಲಸವೂ ಇದೆ. ನೀರು ತಿಳಿಯಾಗುವ ಮುಂಚೆ ಕೈ ಹಾಕಿದರೆ ಕಸರು ಮತ್ತೆ ಮೇಲೇಳುತ್ತದೆ. ಈಗ ನನಗೆ ಕೋಪದಲ್ಲಿ ಉತ್ತರ ಬರೆಯಬೇಕೆನಿಸಿದಾಗ ಆ ನೀರು ನೆನಪಾಗುತ್ತದೆ.

ಕುಮಾರಸ್ವಾಮಿಗಳ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಆಯ್ಕೆ ಒಬ್ಬ ಹುಡುಗನದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಕ್ಕಳಿಗೆ ಉಳಿದಿದ್ದ ದಾರಿ ಬೇಡಿ ತಿನ್ನುವುದು. ಸ್ವಾಮಿಗಳ ಕಿವಿಗೆ ಆ ಮಕ್ಕಳ ಹಾಡು ಬಿತ್ತು. ಎಷ್ಟೋ ಜನ ಆ ಹಾಡು ಕೇಳಿ ಹೋಗಿರಬೇಕು, ಕೆಲವರು ಒಂದು ಕಾಸು ಕೊಟ್ಟೂ ಹೋಗಿರಬೇಕು. ಸ್ವಾಮಿಗಳು ನಿಂತರು. ಕಾಸು ಕೊಟ್ಟರೆ ಅಂದಿನ ಹೊತ್ತು ತುಂಬುತ್ತಿತ್ತು. ಅವರು ಮಕ್ಕಳ ಹೊಣೆಯನ್ನೇ ಹೊತ್ತುಕೊಂಡರು.

ಆ ಹೊಣೆ ಒಂದೆರಡು ವರ್ಷದ್ದಲ್ಲ. ಗದಿಗೆಯ್ಯನಿಗೆ ಮೊದಲು ಕರ್ನಾಟಕ ಸಂಗೀತದ ಶಿಕ್ಷಣ, ಆಮೇಲೆ ಹಿಂದುಸ್ತಾನಿ ಸಂಗೀತದ ಶಿಕ್ಷಣ. ಬೇರೆ ಬೇರೆ ಗುರುಗಳು, ಊಟ, ಬಟ್ಟೆ, ಕೈಹಿಡಿದು ನಡೆಸುವವರು. ಸಂಸ್ಥೆಗೇ ಹಣದ ಅಡಚಣೆ ಇದ್ದ ದಿನಗಳಲ್ಲಿ ಕಣ್ಣಿಲ್ಲದ ಹುಡುಗನ ಹಾಡಿಗೆ ಖರ್ಚು ಏಕೆ ಎಂದು ಲೆಕ್ಕ ಹಾಕಿದ್ದರೆ ಉತ್ತರ ಸುಲಭವಿತ್ತು. ಅವರು ಆ ಲೆಕ್ಕ ಹಾಕಲಿಲ್ಲ. ಆ ಹುಡುಗ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು.

ಮುಂದಿನದು ನಾಡಿಗೇ ಗೊತ್ತು. ಪಂಚಾಕ್ಷರ ಗವಾಯಿಗಳು ತಮಗೆ ಸಿಕ್ಕದ್ದನ್ನು ತಮ್ಮಂಥ ಮಕ್ಕಳಿಗೆ ಕೊಡುತ್ತ ಹೋದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೂ ಅನಾಥರಿಗೂ ಮನೆಯಾಯಿತು. ಕಣ್ಣಿಲ್ಲದ ಪುಟ್ಟಯ್ಯ ಅವರ ಕೈಯಲ್ಲಿ ಪುಟ್ಟರಾಜ ಗವಾಯಿಗಳಾಗಿ ಬೆಳೆದರು. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಹತ್ತಿರ ಕಲಿತರು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜರು 2010ರವರೆಗೆ ಆ ಆಶ್ರಮವನ್ನು ನಡೆಸಿದರು. ಒಬ್ಬ ಹುಡುಗನ ಮುಂದೆ ಒಬ್ಬರು ನಿಂತದ್ದರಿಂದ ನೂರು ವರ್ಷದ ದಾರಿ ತೆರೆಯಿತು. ಆದರೆ ನಿಂತ ಗಳಿಗೆಯಲ್ಲಿ ಸ್ವಾಮಿಗಳಿಗೆ ಇದಾವುದೂ ಕಂಡಿರಲಿಲ್ಲ. ಕಂಡದ್ದು ಒಂದು ಮಗು ಮಾತ್ರ. ಫಲ ಗೊತ್ತಿದ್ದು ಮಾಡುವುದು ವ್ಯವಹಾರ. ಗೊತ್ತಿಲ್ಲದಿದ್ದರೂ ಮಾಡುವುದರಲ್ಲಿ ಮನುಷ್ಯನ ಗುಣ ತಿಳಿಯುತ್ತದೆ.

ನನ್ನ ವೃತ್ತಿಯಲ್ಲಿ ಹದಿನೈದು ದಿನಕ್ಕೊಮ್ಮೆ ಕೆಲಸದ ಲೆಕ್ಕ ಕೊಡಬೇಕು. ಯಾರು ಎಷ್ಟು ಮುಗಿಸಿದರು ಎಂಬುದು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಕೆಲ ವರ್ಷಗಳ ಹಿಂದೆ ನನ್ನ ತಂಡಕ್ಕೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಬಂದ. ಕೆಲಸ ತಿಳಿಯುತ್ತಿತ್ತು, ಇಂಗ್ಲಿಷಿನಲ್ಲಿ ಹೇಳಲು ತಡವಾಗುತ್ತಿತ್ತು. ಮೂರನೆಯ ತಿಂಗಳಿಗೆ ಅವನನ್ನು ಕೈಬಿಡುವ ಪಟ್ಟಿಯಲ್ಲಿ ಸೇರಿಸುವ ಮಾತು ಬಂತು. ನಾನು ಇನ್ನೂ ಆರು ತಿಂಗಳು ಕೇಳಿದೆ. ಮೂರು ತಿಂಗಳು ಸಿಕ್ಕಿತು, ಜೊತೆಗೆ ಅವನ ಪಾಲಿನ ಕೆಲಸ ತಡವಾದರೆ ಹೊಣೆ ನಿನ್ನದು ಎಂಬ ಎಚ್ಚರಿಕೆಯೂ ಸಿಕ್ಕಿತು. ಸಂಜೆ ದಿನಕ್ಕೆ ಅರ್ಧ ತಾಸು ಅವನ ಜೊತೆ ಕೂತೆ. ಮೂರು ತಿಂಗಳಲ್ಲಿ ಅವನು ಸುಧಾರಿಸಿದ, ಕಂಪನಿ ಕೇಳಿದಷ್ಟು ಅಲ್ಲ. ಅವನು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ಕಥೆ ಗೆಲುವಿನಲ್ಲಿ ಮುಗಿಯಲಿಲ್ಲ. ಆದರೂ ಆ ಅರ್ಧ ತಾಸುಗಳು ವ್ಯರ್ಥವಾದವು ಎಂದು ನನಗೆ ಅನ್ನಿಸುವುದಿಲ್ಲ. ಅವನು ಬರೆದದ್ದನ್ನು ಸಾವಕಾಶವಾಗಿ ಓದುವಾಗ, ಅವನ ಯೋಚನೆ ಎಷ್ಟು ಅಚ್ಚುಕಟ್ಟಾದದ್ದು ಎಂದು ನನಗೆ ತಿಳಿಯಿತು. ಪರದೆಯ ಮೇಲಿನ ಲೆಕ್ಕದಲ್ಲಿ ಅದು ಇರಲಿಲ್ಲ.

ಸಾವಕಾಶ ಎಂಬ ಮಾತನ್ನು ನಮ್ಮ ಕಡೆ ದಿನವೂ ಆಡುತ್ತೇವೆ. ಸಾವಕಾಶ ಹೋಗಿ ಬಾ, ಸಾವಕಾಶ ಉಣ್ಣು ಎನ್ನುತ್ತೇವೆ. ಅವಕಾಶದೊಡನೆ ಇರುವುದೇ ಸಾವಕಾಶ. ನಾವು ನಿಧಾನಿಸಿದಾಗ ಮತ್ತೊಬ್ಬರಿಗೆ ಅವಕಾಶ ಹುಟ್ಟುತ್ತದೆ. ನಿಧಾನಿಸುವುದು ನಮ್ಮ ನೆಮ್ಮದಿಗಾಗಿ ಮಾತ್ರ ಎಂದು ಇತ್ತೀಚೆಗೆ ಬಹಳ ಕೇಳುತ್ತೇವೆ. ಕುಮಾರಸ್ವಾಮಿಗಳ ಬದುಕನ್ನು ಓದಿದ ಮೇಲೆ ಅದು ಅರ್ಧ ಮಾತು ಅನ್ನಿಸುತ್ತದೆ. ಓಡುವವನಿಗೆ ದಾರಿಬದಿಯ ಹಾಡು ಕೇಳಿಸುವುದಿಲ್ಲ. ಹಾಡು ಕೇಳಿಸದಿದ್ದರೆ ಆಯ್ಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ.

ಶಿವಯೋಗ ಮಂದಿರದಲ್ಲಿ ಬೆಳೆದ ವಟುಗಳು ನಾಡಿನ ಬೇರೆ ಬೇರೆ ಮಠಗಳಿಗೆ ಹೋದರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನಾಗನೂರಿನ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಲಿಂಗದಹಳ್ಳಿಯ ಒಂದು ಶಾಲೆ ಬಿಟ್ಟು ಬಂದ ಮಾಸ್ತರರು ಎಷ್ಟು ಶಾಲೆಗಳಿಗೆ ಬೀಜ ಹಾಕಿದರು ಎಂದು ನೋಡಿದರೆ, ಅವರು ಕಲಿಸುವುದನ್ನು ಎಂದೂ ಬಿಟ್ಟೇ ಇರಲಿಲ್ಲ ಎನ್ನಬೇಕು.

1930ರಲ್ಲಿ ಕುಮಾರಸ್ವಾಮಿಗಳು ಶಿವಯೋಗ ಮಂದಿರದಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆ ಅಲ್ಲಿದೆ. 2023ರಲ್ಲಿ ಅವರ ಜೀವನದ ಮೇಲೆ ವಿರಾಟಪುರ ವಿರಾಗಿ ಎಂಬ ಚಲನಚಿತ್ರವೂ ಬಂದಿದೆ. ಕಟ್ಟಿದ ಸಂಸ್ಥೆಗಳ ಪೂರ್ಣ ಫಲವನ್ನು ಕಾಣಲು ಅವರು ಇರಲಿಲ್ಲ. ಗದಗಿನ ಆಶ್ರಮದ ಕೀರ್ತಿ, ಭಾಲ್ಕಿಯ ಕನ್ನಡ ಬೆಳೆದದ್ದು, ಪುಟ್ಟರಾಜರ ಗಾನ ಎಲ್ಲವೂ ದೊಡ್ಡದಾದದ್ದು ಅವರ ನಂತರ. ಗಿಡ ನೆಟ್ಟವರೇ ನೆರಳಲ್ಲಿ ಕೂಡಬೇಕೆಂಬ ನಿಯಮವಿಲ್ಲ.

ನಮ್ಮ ಶಾಲೆಯ ಈಗಿನ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ನಿಮ್ಮ ತರಗತಿಯಲ್ಲಿ ಉತ್ತರ ತಡವಾಗಿ ಹೇಳುವ ಗೆಳೆಯ, ಗೆಳತಿ ಇದ್ದೇ ಇರುತ್ತಾರೆ. ಅವರು ಮಾತು ಮುಗಿಸುವವರೆಗೆ ಕಾಯಿರಿ, ನಗಬೇಡಿರಿ. ಗುರುಗಳಲ್ಲಿಯೂ ಕೈಮುಗಿದು ಕೇಳುವುದು ಇಷ್ಟೇ. ಫಲಿತಾಂಶದ ಶೇಕಡಾವಾರು ಕೇಳುವ ಈ ದಿನಗಳಲ್ಲಿ ಹಿಂದಿನ ಬೆಂಚಿನ ಮಗುವಿಗೆ ಕೊಟ್ಟ ಹೊತ್ತು ಯಾವ ತಖ್ತೆಯಲ್ಲೂ ಬರುವುದಿಲ್ಲ. ಆದರೂ ಕೊಡುತ್ತ ಬಂದಿದ್ದೀರಿ. ಈ ಶಾಲೆಯ ಐವತ್ತು ವರ್ಷಗಳಲ್ಲಿ ನಾನು ಹೆಮ್ಮೆಯಿಂದ ನೆನೆಯುವುದು ಅದನ್ನೇ. ಶಾಲೆ ನೂರು ತುಂಬಿದಾಗಲೂ ಆ ಹೊತ್ತು ಇಲ್ಲಿಯ ಮಕ್ಕಳಿಗೆ ಸಿಗುತ್ತಿರಲಿ.