ಲೆಕ್ಕದಲ್ಲಿ ಸತ್ಯವನ್ನರಸಿದ ಮಹಲನೋಬಿಸರು

ಮಕ್ಕಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಕುಟುಂಬದ ಆದಾಯವೆಷ್ಟೆಂದು ಬರೆಯಬೇಕಾದ ಒಂದು ಅಂಕಣವಿರುತ್ತದೆ. ರಾಯಚೂರು, ಕಲಬುರಗಿ, ಬೀದರ ಕಡೆಗಳಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ಪಾಲಕರು ಆ ಅಂಕಣದೆದುರು ಕ್ಷಣಕಾಲ ಮೌನವಾಗುವುದನ್ನು ನಾವು ಕಂಡಿದ್ದೇವೆ. ಒಂದು ತಿಂಗಳು ಕೆಲಸವುಂಟು, ಮತ್ತೊಂದು ತಿಂಗಳು ಇಲ್ಲ. ಜಾತ್ರೆಗೆಂದು ಊರಿಗೆ ಹೋದರೆ ಅಷ್ಟು ದಿನದ ಕೂಲಿಯೂ ಇಲ್ಲ. ಕೊನೆಗೆ ಅವರು ಹೇಳುವ ಸಂಖ್ಯೆ ಸುಳ್ಳಲ್ಲ; ಪೂರ್ಣ ನಿಜವೂ ಅಲ್ಲ. ಒಂದು ಮನೆಯ ಲೆಕ್ಕವೇ ಇಷ್ಟು ಕಠಿಣವಾದರೆ ಕೋಟ್ಯಂತರ ಮನೆಗಳುಳ್ಳ ದೇಶದ ಲೆಕ್ಕ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಬಾಳನ್ನು ಸವೆಸಿದ ಮಹನೀಯರೇ ಪ್ರಶಾಂತಚಂದ್ರ ಮಹಲನೋಬಿಸರು.

ಅವರು 1893ನೆಯ ಜೂನ್ 29ರಂದು ಕಲಕತ್ತೆಯಲ್ಲಿ ಜನಿಸಿದರು. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1913ರಲ್ಲಿ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸ್ವದೇಶಕ್ಕೆ ಹಿಂದಿರುಗುವ ಹೊತ್ತಿಗೆ ಅಧ್ಯಾಪಕರೊಬ್ಬರು ತೋರಿಸಿದ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದು ಅವರ ಮನಸ್ಸನ್ನು ಸೆಳೆಯಿತು. ಅದರ ಸಂಪುಟಗಳನ್ನು ಕೊಂಡು ತಂದರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಲೇ ಅಲ್ಲಿನ ಒಂದು ಕೋಣೆಯಲ್ಲಿ ಈ ಹೊಸ ವಿದ್ಯೆಯ ಸಾಧನೆಗೆ ತೊಡಗಿದರು. ಅದರ ಫಲವಾಗಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಹುಟ್ಟಿತು. 1933ರಲ್ಲಿ 'ಸಂಖ್ಯಾ' ಎಂಬ ಪತ್ರಿಕೆ ಹೊರಟಿತು. ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾಯರು 1941ರಲ್ಲಿ ಈ ಸಂಸ್ಥೆಯನ್ನು ಸೇರಿ ಜಗದ್ವಿಖ್ಯಾತರಾದರು. ರಾಯರ ಹೆಸರಿನ ಸಂಶೋಧನ ಸಂಸ್ಥೆಯೊಂದು ಹೈದರಾಬಾದು ವಿಶ್ವವಿದ್ಯಾಲಯದ ಆವರಣದಲ್ಲಿರುವುದು ನಮಗೆ ಹೆಮ್ಮೆಯ ವಿಷಯ.

ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಲು ಮಹಲನೋಬಿಸರು ಎಲ್ಲ ಹೊಲಗಳನ್ನೂ ಸುತ್ತಿಸಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಒಂದೆರಡು ಅಗುಳನ್ನು ಹಿಸುಕಿ ನೋಡುವಂತೆ, ಕೆಲವು ಹೊಲಗಳನ್ನು ಮಾತ್ರ ಚೀಟಿಯೆತ್ತಿದಂತೆ ಆರಿಸಿದರು. ಆದರೆ ಆರಿಸಿದ್ದು ಸ್ವಲ್ಪವಾದುದರಿಂದ ಲೆಕ್ಕ ತಪ್ಪಲೂಬಹುದಲ್ಲವೇ? ಅದಕ್ಕೆ ಅವರು ಕಂಡ ಉಪಾಯ ಸರಳವಾದುದು. ಒಂದೇ ಪ್ರದೇಶದಲ್ಲಿ ಎರಡು ಮಾದರಿಗಳನ್ನು ಬೇರೆಬೇರೆಯಾಗಿ ಆರಿಸಿ, ಬೇರೆಬೇರೆ ತಂಡಗಳಿಂದ ಎಣಿಸುವುದು. ಎರಡು ಉತ್ತರಗಳಿಗೆ ಎಷ್ಟು ಅಂತರವಿದೆಯೋ ಅದರಿಂದ ಲೆಕ್ಕದ ಅನಿಶ್ಚಯವೆಷ್ಟೆಂಬುದು ತಿಳಿದುಬರುವುದು.

ಸ್ವಾತಂತ್ರ್ಯಾನಂತರ, 1949ರಲ್ಲಿ ಸರಕಾರವು ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಮರುವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಾರಂಭವಾಯಿತು. ಸಮೀಕ್ಷಕರು ಹಳ್ಳಿಹಳ್ಳಿಗೆ ಹೋಗಿ ಮನೆಮನೆಯ ಅಕ್ಕಿ, ಜೋಳ, ಎಣ್ಣೆ, ಬಟ್ಟೆಗಳ ಖರ್ಚನ್ನು ಬರೆದುಕೊಂಡರು. ಆದಾಯವನ್ನು ಹೇಳಲು ತಡವರಿಸುವ ಮನೆಯೊಡತಿಯೂ ಖರ್ಚನ್ನು ಹೇಳಬಲ್ಲಳಷ್ಟೆ!

ವಿದ್ಯಾರ್ಥಿಗಳೇ, ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಓಣಿಯ ಐದು ಮನೆಗಳ ತಿಂಗಳ ಆದಾಯ 8,000, 10,000, 12,000, 15,000 ಮತ್ತು 1,05,000 ರೂಪಾಯಿ ಎಂದಿಟ್ಟುಕೊಳ್ಳಿ. ಸರಾಸರಿ 30,000 ಬರುತ್ತದೆ. ಆದರೆ ನಾಲ್ಕು ಮನೆಗಳು ಅದರ ಹತ್ತಿರವೂ ಇಲ್ಲ. ನಟ್ಟನಡುವಿನ ಮನೆಯ ಆದಾಯವಾದ 12,000ವೇ ಮಧ್ಯಾಂಕ; ಓಣಿಯ ಸ್ಥಿತಿಯನ್ನು ಅದೇ ಹೆಚ್ಚು ಸರಿಯಾಗಿ ಹೇಳುತ್ತದೆ. ಈಗ ಇಡೀ ನಗರದಲ್ಲಿ ಒಂದು ತಂಡಕ್ಕೆ ಮಧ್ಯಾಂಕವು 12,000 ಎಂದೂ, ಇನ್ನೊಂದಕ್ಕೆ 12,600 ಎಂದೂ ದೊರೆಯಿತೆನ್ನಿ. ಮುಂದಿನ ವರ್ಷ 12,300 ಬಂದರೆ ಬಡತನ ಇಳಿಯಿತೆಂದು ಡಂಗುರ ಹೊಡೆಯಬಹುದೇ? ಸಲ್ಲದು. ಆ ಏರಿಳಿತ ಲೆಕ್ಕದ ತೊಡಕಿನಲ್ಲಿಯೇ ಅಡಗಿರಬಹುದು.

ಈ ವಿವೇಕವನ್ನು ಮಹಲನೋಬಿಸರು 1960ರಲ್ಲಿ ಒಂದು ಚಿತ್ರಪದ್ಧತಿಯಾಗಿ ರೂಪಿಸಿದರು. ಮನೆಗಳನ್ನು ಬಡವರಿಂದ ಸಿರಿವಂತರವರೆಗೆ ಸಾಲಾಗಿ ನಿಲ್ಲಿಸಿ, ಸಮಸಂಖ್ಯೆಯ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಸ್ಥಿತಿಯನ್ನು ಗೆರೆಯಲ್ಲಿ ತೋರಿಸುವುದು. ಎರಡು ಮಾದರಿಗಳಿಗೆ ಎರಡು ಗೆರೆಗಳು. ಅವುಗಳ ನಡುವಿನ ಜಾಗವೇ ಅನಿಶ್ಚಯ. ವರ್ಷದಿಂದ ವರ್ಷಕ್ಕೆ ಆದ ಅಂತರವು ಆ ಜಾಗವನ್ನು ಸ್ಪಷ್ಟವಾಗಿ ಮೀರಿದರೆ ಮಾತ್ರ ಬದಲಾವಣೆ ದಿಟವೆಂದು ನಂಬಬಹುದು. ಅದೇ ವರ್ಷ ದೇಶದ ಆದಾಯವು ಯಾರಿಗೆ ಎಷ್ಟು ಸೇರುತ್ತಿದೆಯೆಂದು ವಿಚಾರಿಸುವ ಸಮಿತಿಗೂ ಅವರೇ ಅಧ್ಯಕ್ಷರಾದರು.

ಅವರು 1972ನೆಯ ಜೂನ್ 28ರಂದು, ತಮ್ಮ ಜನ್ಮದಿನದ ಮುನ್ನಾದಿನ, ನಿಧನರಾದರು. ಅವರ ಜನ್ಮದಿನವನ್ನು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸಲಾಗುತ್ತಿದೆ.

ತಾನು ಹೇಳುವ ಸಂಖ್ಯೆಯೊಡನೆ ಅದು ಎಷ್ಟು ತಪ್ಪಿರಬಹುದೆಂಬುದನ್ನೂ ಹೇಳುವವನೇ ಪ್ರಾಮಾಣಿಕ ಲೆಕ್ಕಿಗ. ಆ ಅಂಕಣದೆದುರು ಮೌನವಾಗುವ ತಂದೆಯನ್ನು ಕಂಡಾಗಲೆಲ್ಲ ನಮಗೆ ಈ ಮಹನೀಯರ ನೆನಪಾಗುತ್ತದೆ. ಆ ತಂದೆಯ ಮನೆ ಸರಾಸರಿಯ ಮರೆಯಲ್ಲಿ ಕಾಣದಂತಾಗಬಾರದು. ಅದನ್ನು ಕಾಣಬಲ್ಲ ಲೆಕ್ಕಿಗರು ನಿಮ್ಮಲ್ಲಿಯೇ ಹುಟ್ಟಿಬರಲೆಂದು ಹಾರೈಸುತ್ತೇವೆ.