ಗುಳ್ಳೆಗಳ ಗೆರೆ

ಪರಮಾಣುವಿನ ಒಡಲನ್ನು ಅರಿಯಬಯಸುವವರಿಗೆ ನೋಟವೊಂದೇ ಸಾಲದು. ಕಂಡದ್ದನ್ನು ಅಳೆದು, ಲೆಕ್ಕವಿಟ್ಟು, ಅರ್ಥ ಬಿಡಿಸುವ ತಾಳ್ಮೆಯೂ ಬೇಕು. ಈ ಸತ್ಯವನ್ನು ತಮ್ಮ ಕಾರ್ಯದಿಂದಲೇ ತೋರಿಸಿಕೊಟ್ಟವರು ವಿಜ್ಞಾನಿ ಲೂಯಿಸ್ ಆಲ್ವಾರೆಜ್.

ಆಲ್ವಾರೆಜ್ 1911ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಷಿಕಾಗೋ ವಿಶ್ವವಿದ್ಯಾನಿಲಯದಿಂದ 1936ರಲ್ಲಿ ಡಾಕ್ಟರೇಟ್ ಪಡೆದು, ಬರ್ಕ್ಲಿಯಲ್ಲಿದ್ದ ಅರ್ನೆಸ್ಟ್ ಲಾರೆನ್ಸರ ಪ್ರಯೋಗಾಲಯವನ್ನು ಸೇರಿದರು.

1952ರಲ್ಲಿ ಡೊನಾಲ್ಡ್ ಗ್ಲೇಸರ್ ಎಂಬ ತರುಣ ವಿಜ್ಞಾನಿ ಬಬಲ್ ಚೇಂಬರ್ ಎಂಬ ಉಪಕರಣವನ್ನು ರೂಪಿಸಿದರು. ಕುದಿಯುವ ಅಂಚಿನಲ್ಲಿರುವ ದ್ರವದ ಮೂಲಕ ವಿದ್ಯುದಾವೇಶವುಳ್ಳ ಕಣವೊಂದು ಹಾದುಹೋದರೆ, ಅದರ ಹಾದಿಯುದ್ದಕ್ಕೂ ಸಣ್ಣ ಗುಳ್ಳೆಗಳು ಮೂಡುತ್ತವೆ. ಕಣ ಕಾಣದಿದ್ದರೂ ಅದರ ಹೆಜ್ಜೆ ಕಾಣುತ್ತದೆ. ಗ್ಲೇಸರರ ಪುಟ್ಟ ಪಾತ್ರೆಯಲ್ಲಿದ್ದುದು ಈಥರ್. ಆಲ್ವಾರೆಜ್ ಅದರ ಬದಲು ದ್ರವ ಜಲಜನಕವನ್ನು ಆರಿಸಿಕೊಂಡರು. ಜಲಜನಕದ ಬೀಜದಲ್ಲಿರುವುದು ಒಂದೇ ಪ್ರೋಟಾನ್. ಆದ್ದರಿಂದ ಕಣಗಳ ಡಿಕ್ಕಿಯನ್ನು ಅರ್ಥೈಸುವುದು ಸುಲಭ. 1959ರಲ್ಲಿ ಅವರ ತಂಡ ನಿರ್ಮಿಸಿದ ಪಾತ್ರೆಯ ಉದ್ದ 72 ಅಂಗುಲ.

ಆದರೆ ಇಂಥ ಯಂತ್ರ ಲಕ್ಷಗಟ್ಟಲೆ ಛಾಯಾಚಿತ್ರಗಳನ್ನು ರಾಶಿ ಹಾಕುತ್ತದೆ. ಅವನ್ನೆಲ್ಲ ಕೈಯಿಂದ ಅಳೆಯಹೊರಟರೆ ಒಂದು ಜನ್ಮವೂ ಸಾಲದು. ಓದುವವರಿಲ್ಲದ ಗ್ರಂಥಭಂಡಾರದಿಂದ ಪ್ರಯೋಜನವೇನು? ಪಾತ್ರೆ ಸಿದ್ಧವಾಗುವ ಮೊದಲೇ ಆಲ್ವಾರೆಜ್ ಈ ತೊಡಕನ್ನು ಮುಂಗಂಡಿದ್ದರು. ಚಿತ್ರಗಳಲ್ಲಿನ ಗೆರೆಗಳನ್ನು ಅಳೆಯುವ ಯಂತ್ರಗಳನ್ನು ಅವರ ಸಂಗಡಿಗರು ನಿರ್ಮಿಸಿದರು. ಗಣಕಯಂತ್ರವನ್ನು ನಡೆಸುವ ಆದೇಶಗಳ ಸರಣಿಯನ್ನು, ಎಂದರೆ ಕ್ರಮವಿಧಿಗಳನ್ನು ರಚಿಸಿದರು. ಕಾಂತಕ್ಷೇತ್ರದಲ್ಲಿ ಗೆರೆ ಬಾಗಿದ ಪ್ರಮಾಣದಿಂದ ಗಣಕವು ಕಣದ ಸಂವೇಗವನ್ನು ಕಂಡುಹಿಡಿಯುತ್ತಿತ್ತು. ಡಿಕ್ಕಿಯ ಹಿಂದುಮುಂದಿನ ಶಕ್ತಿ ಮತ್ತು ಸಂವೇಗಗಳು ಸರಿದೂಗುವುವೇ ಎಂದು ಪರೀಕ್ಷಿಸುತ್ತಿತ್ತು. ಚಿತ್ರಗಳಲ್ಲಿ ಅರ್ಥಪೂರ್ಣವಾದುದನ್ನು ಹೆಕ್ಕುವ ಕೆಲಸ ಮಾತ್ರ ಮನುಷ್ಯರ ಕಣ್ಣಿಗೇ ಉಳಿಯಿತು. ಹೀಗೆ ಅತ್ಯಲ್ಪಾಯುಷಿಗಳಾದ ಅನೇಕ ಹೊಸ ಕಣಗಳು ಬೆಳಕಿಗೆ ಬಂದವು. 1968ರ ನೊಬೆಲ್ ಪಾರಿತೋಷಕ ಆಲ್ವಾರೆಜರಿಗೆ ದೊರೆಯಿತು.

ಕಣಗಳ ಲೆಕ್ಕವನ್ನು ಅವರು ಈಜಿಪ್ಟಿನಲ್ಲಿಯೂ ಒರೆಗೆ ಹಚ್ಚಿದರು. ಖಾಫ್ರೆಯ ಪಿರಮಿಡ್ಡಿನಲ್ಲಿ ಗುಪ್ತ ಕೋಣೆಯಿದ್ದರೆ, ಆ ದಿಕ್ಕಿನಿಂದ ಹೆಚ್ಚು ವಿಶ್ವಕಿರಣಗಳು ತೂರಿ ಬರಬೇಕು. ಪಿರಮಿಡ್ಡಿನ ಅಡಿಯ ಕೋಣೆಯಲ್ಲಿ ಉಪಕರಣವನ್ನಿಟ್ಟು, ದೊರೆತ ಅಂಕಿಗಳನ್ನು ಗಣಕದಿಂದ ಶೋಧಿಸಿದರು. ಪರೀಕ್ಷಿಸಿದ ಭಾಗದಲ್ಲಿ ಯಾವ ಕೋಣೆಯೂ ಇರಲಿಲ್ಲ. ನಿಧಿಯ ಆಸೆ ಹೊತ್ತವರಿಗೆ ಇದು ನಿರಾಶೆ; ಆದರೆ ತಂಡವು 1970ರಲ್ಲಿ ಆ ಫಲಿತಾಂಶವನ್ನು ಇದ್ದುದಿದ್ದಂತೆಯೇ ಪ್ರಕಟಿಸಿತು.

1988ರಲ್ಲಿ ಆಲ್ವಾರೆಜ್ ನಿಧನರಾದರು. ಬಯಸಿದ್ದು ದೊರೆತಾಗ ಹಿಗ್ಗುವುದು ಸಹಜ. ದೊರೆಯದಿದ್ದಾಗಲೂ ಲೆಕ್ಕಕ್ಕೆ ತಲೆಬಾಗುವುದೇ ವಿಜ್ಞಾನಿಯ ಪ್ರಾಮಾಣಿಕತೆ.