ಬತ್ತಿದ ಒರತೆಯ ಮೂಲವನ್ನರಸಿದ ವೈದ್ಯ

ಮನುಷ್ಯನ ಬಾಯಿಯಲ್ಲಿ ದಿನವೊಂದಕ್ಕೆ ಸುಮಾರು ಒಂದು ಲೀಟರಿನಷ್ಟು ಜೊಲ್ಲು ಊರುತ್ತದೆ. ತುತ್ತನ್ನು ನುಣ್ಣಗಾಗಿಸಿ ಗಂಟಲಿಗಿಳಿಸಲು, ರುಚಿಯನ್ನು ನಾಲಗೆಗೆ ಮುಟ್ಟಿಸಲು, ಹಲ್ಲುಗಳನ್ನು ಹುಳುಕಿನಿಂದ ಕಾಪಾಡಲು ಅದು ಅತ್ಯಗತ್ಯ. ಆದರೂ ಅದರ ಬೆಲೆ ನಮಗೆ ತಿಳಿಯುವುದು ಅದು ಬತ್ತಿದಾಗಲೇ. ಹೀಗೆ ಬಾಯಿಯೂ ಕಣ್ಣೂ ಒಣಗಿ ನರಳುತ್ತಿದ್ದವರ ಸಂಕಟಕ್ಕೆ ಕಿವಿಗೊಟ್ಟು, ಅದರ ಮೂಲವನ್ನು ಅರಸಿದವರು ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್.

ಶೋಗ್ರೆನ್ ಅವರು 1899ರ ಜುಲೈ 23ರಂದು ಸ್ವೀಡನ್ನಿನ ಶ್ಯೋಪಿಂಗ್ ಎಂಬ ಪಟ್ಟಣದಲ್ಲಿ ಜನಿಸಿದರು. ರಾಜಧಾನಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ವ್ಯಾಸಂಗಮಾಡಿ 1927ರಲ್ಲಿ ವೈದ್ಯರಾದರು. ನೇತ್ರ ಚಿಕಿತ್ಸೆ ಅವರು ಆರಿಸಿಕೊಂಡ ಕ್ಷೇತ್ರವಾಯಿತು.

1930ರ ಸುಮಾರಿಗೆ ಮಹಿಳೆಯೊಬ್ಬಳು ಅವರ ಬಳಿಗೆ ಬಂದಳು. ಅವಳ ಕಣ್ಣುಗಳೂ ಬಾಯಿಯೂ ಒಣಗಿದ್ದವು; ಕೀಲುಗಳು ನೋಯುತ್ತಿದ್ದವು. ಕಣ್ಣಿನ ವೈದ್ಯರಾದ ಶೋಗ್ರೆನ್ ಕಣ್ಣಿಗಷ್ಟೇ ಔಷಧ ಕೊಟ್ಟು ಕಳುಹಿಸಬಹುದಾಗಿತ್ತು. ಆದರೆ ಈ ಮೂರು ಬಾಧೆಗಳೂ ಒಂದೇ ಬೇರಿನಿಂದ ಹುಟ್ಟಿರಬಹುದೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಇಂಥ ಲಕ್ಷಣಗಳನ್ನು ಹಿಂದಿನ ಕೆಲವು ವೈದ್ಯರು ಬಿಡಿಬಿಡಿಯಾಗಿ ಕಂಡಿದ್ದರು. ಶೋಗ್ರೆನ್ ಅವನ್ನು ಒಂದೇ ದಾರದಲ್ಲಿ ಪೋಣಿಸಲು ಹೊರಟರು. ಹಾನಿಗೊಂಡ ಜೀವಕೋಶಗಳಿಗೆ ಕೆಂಬಣ್ಣ ಹತ್ತಿಸುವ ರೋಸ್ ಬೆಂಗಾಲ್ ಎಂಬ ದ್ರಾವಣವನ್ನು ಕಣ್ಣಿಗೆ ಹನಿಸಿ ಪರೀಕ್ಷಿಸಿದರು. ಗ್ರಂಥಿಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಸಿಸಿದರು.

1933ರಲ್ಲಿ ಅವರು ತಮ್ಮ ಪ್ರೌಢಪ್ರಬಂಧವನ್ನು ಜರ್ಮನ್ ಭಾಷೆಯಲ್ಲಿ ಮಂಡಿಸಿದರು. ಅದರಲ್ಲಿ 19 ಮಹಿಳೆಯರ ವಿವರಗಳಿದ್ದವು. ಅವರಲ್ಲಿ 13 ಮಂದಿಗೆ ಕೀಲುರೋಗವೂ ಇದ್ದಿತು. ಇದು ಕಣ್ಣಿನದೊಂದೇ ರೋಗವಲ್ಲ, ಇಡೀ ದೇಹವನ್ನು ವ್ಯಾಪಿಸುವ ರೋಗ ಎಂಬುದೇ ಅವರ ಪ್ರತಿಪಾದನೆ. ಆದರೆ ಪರೀಕ್ಷಕರು ಪ್ರಬಂಧಕ್ಕೆ ಉನ್ನತ ಶ್ರೇಣಿಯನ್ನು ನೀಡಲಿಲ್ಲ. ಅದರಿಂದಾಗಿ ವಿಶ್ವವಿದ್ಯಾನಿಲಯದ ಬೋಧಕ ಸ್ಥಾನದ ಬಾಗಿಲು ಅವರಿಗೆ ಮುಚ್ಚಿಹೋಯಿತು.

ಶೋಗ್ರೆನ್ ಎದೆಗುಂದಲಿಲ್ಲ. ಯೋನ್‌ಶೋಪಿಂಗ್ ನಗರದ ಆಸ್ಪತ್ರೆಯನ್ನು ಸೇರಿ ಕಣ್ಣಿನ ರೋಗಿಗಳ ಸೇವೆಯಲ್ಲಿ ತೊಡಗಿದರು, ಸಂಶೋಧನೆಯನ್ನೂ ಬಿಡಲಿಲ್ಲ. 1943ರಲ್ಲಿ ಆಸ್ಟ್ರೇಲಿಯದ ನೇತ್ರವೈದ್ಯ ಬ್ರೂಸ್ ಹ್ಯಾಮಿಲ್ಟನ್ ಆ ಪ್ರಬಂಧವನ್ನು ಇಂಗ್ಲಿಷಿಗೆ ಅನುವಾದಿಸಿದರು. ಆಗ ಅದು ದೂರದೂರದ ವೈದ್ಯರ ಗಮನವನ್ನು ಸೆಳೆಯಿತು. ರೋಗಕ್ಕೆ ಅವರ ಹೆಸರೇ ನಿಂತಿತು. 1957ರಲ್ಲಿ ಗೋಥೆನ್‌ಬರ್ಗ್ ವಿಶ್ವವಿದ್ಯಾನಿಲಯ ಅವರಿಗೆ ಬೋಧಕ ಸ್ಥಾನವನ್ನಿತ್ತಿತು. 1961ರಲ್ಲಿ ಸ್ವೀಡನ್ ಸರ್ಕಾರ ಪ್ರಾಧ್ಯಾಪಕ ಪದವಿಯನ್ನಿತ್ತು ಗೌರವಿಸಿತು. ಹಿಂದೆ ಮುಚ್ಚಿದ್ದ ಬಾಗಿಲು ತೆರೆಯಲು ಸುಮಾರು ಕಾಲು ಶತಮಾನ ಹಿಡಿದಿತ್ತು. 1986ರ ಸೆಪ್ಟೆಂಬರ್ 17ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಶೋಗ್ರೆನ್ ನಿಧನರಾದರು.

ಅವರು ತೋರಿದ ದಾರಿಯಲ್ಲಿ ವಿಜ್ಞಾನ ಮುಂದೆ ಸಾಗಿತು. ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ಬಿಳಿಯ ರಕ್ತಕಣಗಳೇ ತಮ್ಮವರನ್ನು ಪರಕೀಯರೆಂದು ಬಗೆದು ಜೊಲ್ಲಿನ ಹಾಗೂ ಕಣ್ಣೀರಿನ ಗ್ರಂಥಿಗಳನ್ನು ಮುತ್ತುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಈ ಮುತ್ತಿಗೆಯಲ್ಲಿ ಗ್ರಂಥಿಯ ಕೆಲವು ಜೀವಕೋಶಗಳು ತಮ್ಮನ್ನು ತಾವೇ ಕೊನೆಗಾಣಿಸಿಕೊಳ್ಳುತ್ತವೆ. ಇಂಥ ಕ್ರಮಬದ್ಧ ಮರಣಕ್ಕೆ 1972ರಲ್ಲಿ ಅಪಾಪ್ಟೋಸಿಸ್ ಎಂಬ ಹೆಸರು ಬಂದಿತು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ವಿಚಿತ್ರವೆಂದರೆ, ಮುತ್ತಿಗೆ ಹಾಕಿದ ಕಣಗಳಲ್ಲಿ ಅನೇಕವು ಸಾಯಬೇಕಾದ ಕಾಲಕ್ಕೆ ಸಾಯದೆ ಉಳಿದುಬಿಡುತ್ತವೆ. ಗ್ರಂಥಿಯಲ್ಲಿ ಬದುಕುಳಿದ ಕೋಶಗಳಾದರೂ ಎಷ್ಟೋ ವೇಳೆ ನರಗಳ ಕರೆಗೆ ಓಗೊಡದೆ, ಜೊಲ್ಲನ್ನು ಸುರಿಸದೆ ಮೌನವಾಗಿರುತ್ತವೆ. ಸತ್ತ ಕೋಶಗಳನ್ನು ಮರಳಿ ತರುವುದು ಕಠಿಣ. ಮೌನವಾದವುಗಳನ್ನು ಎಚ್ಚರಿಸುವುದು ಸಾಧ್ಯ. ಉಳಿದ ಕೋಶಗಳನ್ನು ಪ್ರಚೋದಿಸಿ ಜೊಲ್ಲೂರಿಸುವ ಔಷಧಗಳು ಈಗ ಬಳಕೆಯಲ್ಲಿವೆ.

ದೇಹವೇ ದೇಹದ ಮೇಲೆ ತಿರುಗಿಬೀಳುವ ರೋಗಗಳು ಇನ್ನೂ ಹಲವಿವೆ. ಅವುಗಳಲ್ಲೊಂದು ಸೋರಿಯಾಸಿಸ್ ಎಂಬ ಚರ್ಮರೋಗ. ದಾರಿತಪ್ಪಿದ ಬಿಳಿಯ ರಕ್ತಕಣಗಳನ್ನು ಹದ್ದುಬಸ್ತಿನಲ್ಲಿಡುವ ಇಟೋಲಿಜುಮ್ಯಾಬ್ ಎಂಬ ಔಷಧವನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ಸಂಸ್ಥೆ ಈ ರೋಗಕ್ಕಾಗಿ 2013ರಲ್ಲಿ ಹೊರತಂದಿತು. ಶೋಗ್ರೆನ್ ರೋಗವನ್ನು ಬೇರುಸಹಿತ ಕೀಳುವ ಮದ್ದು ಮಾತ್ರ ಇನ್ನೂ ದೊರೆತಿಲ್ಲ. ಅದನ್ನು ಅರಸುವವರಿಗೆ ಶೋಗ್ರೆನ್ ಬಿಟ್ಟುಹೋದ ದಾರಿ ಸ್ಪಷ್ಟವಾಗಿದೆ. ಬಾಯಿ ಒಣಗುತ್ತದೆ ಎಂಬುದು ಕೇಳುವವರಿಗೆ ಅಲ್ಪವಾಗಿ ತೋರುವ ದೂರು. ಅದನ್ನು ಅಲ್ಪವೆಂದು ತಳ್ಳಿಹಾಕದೆ ಆಲಿಸಿದ್ದರಲ್ಲಿಯೇ ಅವರ ಹಿರಿಮೆಯಿದೆ.